ಪೆನ್ನು 46 ತೋರಿಸಿದರೂ ಇಂಕು ಏಕೆ ನಿಲ್ಲುವುದಿಲ್ಲ?

ಪ್ರಶ್ನೆ: ತುಮಕೂರಿನ ಹತ್ತಿರ ಸಣ್ಣದೊಂದು ಫ್ಲೆಕ್ಸೋ ಪ್ರಿಂಟಿಂಗ್ ಘಟಕ ನಡೆಸುತ್ತಿದ್ದೇನೆ. ಬಿತ್ತನೆ ಬೀಜ, ಮಸಾಲೆ ಪುಡಿಗಳಿಗೆ ಬೇಕಾದ ಎಲ್‌ಡಿಪಿಇ (ಕಡಿಮೆ ಸಾಂದ್ರತೆಯ ಪಾಲಿಎಥಿಲೀನ್ ಪ್ಲಾಸ್ಟಿಕ್) ಕವರುಗಳ ಮೇಲೆ ಸಾಲ್ವೆಂಟ್ ಇಂಕಿನಲ್ಲಿ ಅಚ್ಚು ಹಾಕುತ್ತೇವೆ. ಫೆಬ್ರುವರಿಯಲ್ಲಿ ತರಿಸಿದ ಫಿಲ್ಮ್ ರೋಲುಗಳು ಬಂದ ದಿನ ಡೈನ್ ಪೆನ್ನಿನಲ್ಲಿ (ಫಿಲ್ಮಿನ ಮೇಲ್ಮೈ ಶಕ್ತಿ ಅಳೆಯುವ ಪೆನ್ನು) 40 ತೋರಿಸಿದ್ದವು, ಅಚ್ಚೂ ಚೆನ್ನಾಗಿ ನಿಂತಿತ್ತು. ಅದೇ ಲಾಟಿನ ಉಳಿದ ರೋಲುಗಳನ್ನು ಜೂನ್‌ನಲ್ಲಿ ಬಿಚ್ಚಿದಾಗ ಪೆನ್ನು 34 ತೋರಿಸಿತು. ಸೆಲ್ಲೋ ಟೇಪ್ ಅಂಟಿಸಿ ಎಳೆದರೆ ಅಕ್ಷರಗಳೆಲ್ಲ ಟೇಪಿಗೇ ಬಂದವು. ಹಳೆಯ ಕರೋನಾ ಯಂತ್ರವೊಂದನ್ನು (ವಿದ್ಯುತ್ತಿನಿಂದ ಫಿಲ್ಮಿನ ಮೈಯನ್ನು ಇಂಕಿಗೆ ಹದಗೊಳಿಸುವ ಯಂತ್ರ) ಕೊಂಡು, ಅಚ್ಚಿಗೆ ಮೊದಲು ಎರಡು ರೋಲುಗಳನ್ನು ಪೂರ್ತಿ ಪವರಿನಲ್ಲಿ ಹಾಯಿಸಿದೆವು. ಈಗ ಪೆನ್ನು 46 ತೋರಿಸುತ್ತದೆ, ಆದರೆ ಕವರು ಒದ್ದೆಯಾದರೆ ಇಂಕು ಸಿಪ್ಪೆಯಂತೆ ಏಳುತ್ತದೆ. ಫಿಲ್ಮಿನವರು ಇಂಕಿನ ತಪ್ಪು ಎನ್ನುತ್ತಾರೆ, ಇಂಕಿನವರು ಫಿಲ್ಮಿನ ತಪ್ಪು ಎನ್ನುತ್ತಾರೆ. ಈ ಮೇಲ್ಮೈ ಶಕ್ತಿ ಎಂದರೆ ನಿಜಕ್ಕೂ ಏನು? ಪೆನ್ನನ್ನು ನಂಬಬಹುದೇ? ಉಪ್ಪು ಕಾಗದದಿಂದ ಉಜ್ಜಿದರೆ ಪ್ರಯೋಜನವಿದೆಯೇ? ಇನ್ನೂ ಆರು ರೋಲುಗಳು ಹಾಗೆಯೇ ಉಳಿದಿವೆ.

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ಕಾಯಿಲೆಗಳಿವೆ. ಜೂನ್‌ನಲ್ಲಿ ಬಿಚ್ಚಿದ ರೋಲಿಗೆ ಬಂದದ್ದು ಒಂದು, ಪೂರ್ತಿ ಪವರ್ ಕೊಟ್ಟ ರೋಲಿಗೆ ಬಂದದ್ದು ಇನ್ನೊಂದು. ಹೊರಗೆ ಕಾಣುವ ಲಕ್ಷಣ ಮಾತ್ರ ಎರಡರಲ್ಲೂ ಒಂದೇ, ಇಂಕು ಕಿತ್ತು ಬರುವುದು. ಮೊದಲನೆಯದನ್ನು ಗುಣಪಡಿಸಲು ಕೊಟ್ಟ ಮದ್ದಿನ ಪ್ರಮಾಣ ಮೀರಿ ಎರಡನೆಯದು ಹುಟ್ಟಿಕೊಂಡಿದೆ. ನಿಮ್ಮ ಫಿಲ್ಮಿನವರೂ ಇಂಕಿನವರೂ ಬಹುಶಃ ತಪ್ಪು ಮಾಡಿಲ್ಲ. ಹೀಗೇಕೆ ಹೇಳುತ್ತಿದ್ದೇನೆ ಎಂಬುದು ತಿಳಿಯಬೇಕಾದರೆ ನಿಮ್ಮ ಮೊದಲ ಪ್ರಶ್ನೆಯಿಂದಲೇ ಹೊರಡಬೇಕು.

ಊಟದ ಡಬ್ಬಿ ತೊಳೆಯುವವರಿಗೆಲ್ಲ ಮೇಲ್ಮೈ ಶಕ್ತಿಯ ಅನುಭವವಿದೆ. ಸ್ಟೀಲ್ ಡಬ್ಬಿಯನ್ನು ಚೆನ್ನಾಗಿ ತೊಳೆದು ಬೋರಲು ಹಾಕಿದರೆ ನೀರು ತೆಳುವಾಗಿ ಹರಡಿ ಇಳಿದು ಬೇಗ ಒಣಗುತ್ತದೆ. ಪ್ಲಾಸ್ಟಿಕ್ ಡಬ್ಬಿಯಲ್ಲಿ ನೀರು ಮಣಿಮಣಿಯಾಗಿ ಗಂಟೆಗಟ್ಟಲೆ ಕೂತಿರುತ್ತದೆ. ಆದರೆ ಪಲ್ಯದ ಎಣ್ಣೆ ಆ ಡಬ್ಬಿಯ ಮೈಗೆಲ್ಲ ಹರಡಿಕೊಂಡು, ಎಷ್ಟು ತಿಕ್ಕಿದರೂ ಜಿಡ್ಡು ಬಿಡುವುದಿಲ್ಲ. ಒಂದೇ ಡಬ್ಬಿ ನೀರನ್ನು ದೂರವಿಡುತ್ತದೆ, ಎಣ್ಣೆಯನ್ನು ಹತ್ತಿರ ಸೇರಿಸಿಕೊಳ್ಳುತ್ತದೆ.

ದ್ರವವಾಗಲಿ ಘನವಾಗಲಿ, ಒಳಗಿರುವ ಅಣುವಿಗೆ ಸುತ್ತಲೂ ನೆರೆಹೊರೆಯವರಿರುತ್ತಾರೆ. ಎಲ್ಲ ದಿಕ್ಕಿನಿಂದಲೂ ಎಳೆತವಿರುವುದರಿಂದ ಅದು ನೆಮ್ಮದಿಯಾಗಿರುತ್ತದೆ. ಮೇಲ್ಮೈಯಲ್ಲಿರುವ ಅಣುವಿಗೆ ಒಂದು ಕಡೆ ಬರಿಯ ಗಾಳಿ. ಆ ಕಡೆಗೆ ಸಲ್ಲಬೇಕಿದ್ದ ಬಂಧಗಳೆಲ್ಲ ಸಲ್ಲದೆ ಉಳಿದಿರುತ್ತವೆ. ಹೀಗೆ ತೀರದೆ ಉಳಿದ ಹಸಿವಿಗೇ ಮೇಲ್ಮೈ ಶಕ್ತಿ ಎಂದು ಹೆಸರು. ದ್ರವಗಳಲ್ಲಿ ಇದನ್ನೇ ಮೇಲ್ಮೈ ಎಳೆತವೆಂದು ಕರೆಯುತ್ತೇವೆ. ಅಳತೆ ಮಿಲಿನ್ಯೂಟನ್ ಪ್ರತಿ ಮೀಟರಿಗೆ. ನಿಮ್ಮ ಪೆನ್ನಿನ ಮೇಲೆ ಬರೆದಿರುವ ಡೈನ್ ಪ್ರತಿ ಸೆಂಟಿಮೀಟರ್ ಕೂಡ ಅದೇ ಸಂಖ್ಯೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೀರಿನ ಮೇಲ್ಮೈ ಎಳೆತ 72.8. ಅಡುಗೆ ಎಣ್ಣೆಗಳದ್ದು 32ರಿಂದ 35. ಡಬ್ಬಿಯ ಪಾಲಿಪ್ರೊಪಿಲೀನ್‌ನ ಮೇಲ್ಮೈ ಶಕ್ತಿ ಸುಮಾರು 30. ಘನದ ಮೇಲ್ಮೈಗೆ ಎಷ್ಟು ಹಸಿವಿದೆಯೋ ಅದಕ್ಕಿಂತ ದ್ರವದ ಎಳೆತ ಕಡಿಮೆಯಿದ್ದರೆ, ಇಲ್ಲವೇ ಅದರ ಆಸುಪಾಸಿನಲ್ಲಿದ್ದರೆ, ದ್ರವ ಹರಡುತ್ತದೆ. ಬಹಳ ಹೆಚ್ಚಿದ್ದರೆ ದ್ರವದ ಅಣುಗಳು ಒಂದನ್ನೊಂದು ಬಿಡಲೊಪ್ಪದೆ ಹನಿಗಟ್ಟುತ್ತವೆ. ಪಾತ್ರೆ ತೊಳೆಯುವ ಸೋಪು ಮಾಡುವ ಕೆಲಸವೂ ನೀರಿನ 72ನ್ನು 30ರ ಆಸುಪಾಸಿಗೆ ಇಳಿಸುವುದೇ.

ಲೋಹಗಳಲ್ಲಿ ಪರಮಾಣುಗಳನ್ನು ಹಿಡಿದಿಟ್ಟಿರುವುದು ಬಲವಾದ ಬಂಧ. ಅದನ್ನು ಕತ್ತರಿಸಿ ಹೊಸ ಮೇಲ್ಮೈ ತೆರೆದರೆ ಹಸಿವೂ ದೊಡ್ಡದು, ನೂರಾರು, ಸಾವಿರಾರು ಮಿಲಿನ್ಯೂಟನ್. ಪಾಲಿಮರ್‌ನ ವಿಷಯ ಹಾಗಲ್ಲ. ಒಂದೊಂದು ಸರಪಣಿಯೂ ತನ್ನ ಉದ್ದಕ್ಕೂ ಗಟ್ಟಿ, ಆದರೆ ಸರಪಣಿಗೂ ಸರಪಣಿಗೂ ನಡುವೆ ಇರುವುದು ತೀರಾ ಮೃದುವಾದ ಸೆಳೆತ. ಹೀಗಾಗಿ ಟೆಫ್ಲಾನ್‌ಗೆ 18 ಚಿಲ್ಲರೆ, ಪಾಲಿಎಥಿಲೀನ್‌ಗೆ 31, ಪಾಲಿಸ್ಟೈರೀನ್‌ಗೆ 33, ಪಿವಿಸಿಗೆ 39, ನೀರಿನ ಬಾಟಲಿಯ ಪೆಟ್‌ಗೆ 43, ನೈಲಾನ್‌ಗೆ 46. ಆಮ್ಲಜನಕ, ಸಾರಜನಕಗಳು ಸರಪಣಿಯಲ್ಲಿ ಸೇರಿದಂತೆ ಸಂಖ್ಯೆ ಏರುವುದನ್ನು ಗಮನಿಸಿ.

ಹನಿ ಎಷ್ಟು ಎದ್ದು ನಿಲ್ಲುತ್ತದೆ ಎಂಬುದನ್ನು ಅಳೆಯುವ ದಾರಿಯನ್ನು 1805ರಲ್ಲಿ ಥಾಮಸ್ ಯಂಗ್ ಕೊಟ್ಟರು. ಲಂಡನ್ನಿನ ವೈದ್ಯ ಅವರು. ಸಮೀಕರಣ ಬರೆಯದೆ ಬರಿಯ ಮಾತಿನಲ್ಲಿ ಹೇಳಿದ್ದನ್ನು ನಾವು ಇಂದು ಅವರ ಹೆಸರಿನ ಸಮೀಕರಣವಾಗಿ ಬಳಸುತ್ತೇವೆ. ಹನಿಯ ಅಂಚು ಘನವನ್ನು ಮುಟ್ಟುವಲ್ಲಿ ಮೂರು ಎಳೆತಗಳು ಸಮತೋಲಕ್ಕೆ ಬಂದು ಒಂದು ಕೋನ ನಿಲ್ಲುತ್ತದೆ. ಅದು ಸಂಪರ್ಕ ಕೋನ. ಪಾಲಿಎಥಿಲೀನ್ ಮೇಲೆ ನೀರಿಗೆ ಈ ಕೋನ ಸುಮಾರು 95 ಡಿಗ್ರಿ, ಟೆಫ್ಲಾನ್ ಮೇಲೆ 110ರ ಹತ್ತಿರ.

ನಿಮ್ಮ ತೊಂದರೆಗೆ ನೇರವಾಗಿ ತಾಗುವ ಸಂಗತಿಯನ್ನು ತೋರಿಸಿಕೊಟ್ಟವರು ಅಮೆರಿಕದ ನೌಕಾಪಡೆಯ ಸಂಶೋಧನಾಲಯದಲ್ಲಿದ್ದ ವಿಲಿಯಂ ಜಿಸ್ಮನ್. 1950ರ ದಶಕದಲ್ಲಿ ಅವರು ಮತ್ತು ಅವರ ಸಂಗಡಿಗರು ಹತ್ತಾರು ದ್ರವಗಳನ್ನು ಹತ್ತಾರು ಮೇಲ್ಮೈಗಳ ಮೇಲೆ ಹನಿಯಾಗಿ ಇಟ್ಟು ಕೋನ ಅಳೆದರು. ಕಂಡದ್ದೇನೆಂದರೆ, ಒದ್ದೆಯಾಗುವಿಕೆಯನ್ನು ನಿರ್ಧರಿಸುವುದು ವಸ್ತುವಲ್ಲ. ಅದರ ಅತ್ಯಂತ ಹೊರಗಿನ ಪರಮಾಣು ಗುಂಪು. ಹೊರಗೆ ಒಂದು ಇಂಗಾಲಕ್ಕೆ ಎರಡು ಹೈಡ್ರೋಜನ್ ಇರುವ ಗುಂಪಿದ್ದರೆ ಮೇಲ್ಮೈ ಶಕ್ತಿ 31. ಮೂರು ಹೈಡ್ರೋಜನ್‌ನ ತುದಿಗಳು ಒತ್ತಾಗಿ ನಿಂತಿದ್ದರೆ 22ರಿಂದ 24. ಎರಡು ಫ್ಲೋರಿನ್ ಇದ್ದರೆ 18. ಮೂರು ಫ್ಲೋರಿನ್‌ನ ತುದಿಗಳು ಒತ್ತಾಗಿದ್ದರೆ ಬರಿಯ 6. ಪ್ಲಾಟಿನಂ ಲೋಹದ ಮೇಲೆ ಫ್ಲೋರಿನ್ ತುಂಬಿದ ಆಮ್ಲವೊಂದರ ಒಂದೇ ಒಂದು ಅಣುವಿನ ದಪ್ಪದ ಪದರ ಕೂರಿಸಿದರೂ ಸಾಕು, ದ್ರವಗಳಿಗೆ ಕೆಳಗಿರುವ ಪ್ಲಾಟಿನಂ ಕಾಣುವುದೇ ಇಲ್ಲ. ಅವು ಟೆಫ್ಲಾನ್‌ಗಿಂತಲೂ ನಿರಾಸಕ್ತವಾದ ಮೇಲ್ಮೈಯನ್ನು ಕಂಡಂತೆ ಹನಿಗಟ್ಟುತ್ತವೆ.

ಈ ಮಾತನ್ನು ನಿಮ್ಮ ಗೋದಾಮಿನ ಬಾಗಿಲ ಮೇಲೆ ಬರೆದಿಟ್ಟರೂ ಅಡ್ಡಿಯಿಲ್ಲ. ನಿಮ್ಮ ಫಿಲ್ಮಿನ ದಪ್ಪ 50 ಮೈಕ್ರಾನ್ ಎಂದಿಟ್ಟುಕೊಳ್ಳಿ, ಅಂದರೆ 50,000 ನ್ಯಾನೋಮೀಟರ್. ನೀವು ಕೊಂಡದ್ದು ಇಷ್ಟನ್ನೂ. ಆದರೆ ಇಂಕು ಅಂಟುವುದು, ಬಿಡುವುದು ತೀರ್ಮಾನವಾಗುವುದು ಮೇಲಿನ ಒಂದೆರಡು ನ್ಯಾನೋಮೀಟರಿನಲ್ಲಿ. ಅಲ್ಲಿ ಈ ದಿನ ಯಾವ ಗುಂಪು ಮುಖ ಮಾಡಿ ನಿಂತಿದೆ ಎಂಬುದೊಂದೇ ಪ್ರಶ್ನೆ. "ಇದು ಎಲ್‌ಡಿಪಿಇ, ಅದೇ ಲಾಟು, ಅದೇ ಕಂಪನಿ" ಎಂಬುದು ಆ ಪ್ರಶ್ನೆಗೆ ಉತ್ತರವಾಗುವುದಿಲ್ಲ.

ಇನ್ನೊಂದು ಗೊಂದಲವನ್ನೂ ಬಿಡಿಸಿಬಿಡುತ್ತೇನೆ, ಏಕೆಂದರೆ ಅಚ್ಚಿನ ಮನೆಗಳಲ್ಲಿ ನಾನು ಅತಿ ಹೆಚ್ಚು ಕಂಡಿರುವುದು ಇದನ್ನೇ. ಒದ್ದೆಯಾಗುವುದು ಬೇರೆ, ಅಂಟುವುದು ಬೇರೆ. ಸಾಲ್ವೆಂಟ್ ಇಂಕಿನಲ್ಲಿ ಸಾಮಾನ್ಯವಾಗಿರುವ ಈಥೈಲ್ ಅಸಿಟೇಟ್‌ನ ಮೇಲ್ಮೈ ಎಳೆತ 24, ಐಸೊಪ್ರೊಪೈಲ್ ಆಲ್ಕೊಹಾಲ್‌ನದ್ದು 22. ಇವೆರಡೂ ಪಾಲಿಎಥಿಲೀನ್‌ನ 31ಕ್ಕಿಂತ ಕೆಳಗೆ. ಅಂದರೆ ಕರೋನಾ ಟ್ರೀಟ್‌ಮೆಂಟ್ ಇಲ್ಲದ ಫಿಲ್ಮಿನ ಮೇಲೂ ನಿಮ್ಮ ಇಂಕು ಚೆನ್ನಾಗಿಯೇ ಹರಡುತ್ತದೆ. ಜೂನ್‌ನಲ್ಲಿಯೂ ಅಚ್ಚು ನೋಡಲು ಸುಂದರವಾಗಿಯೇ ಬಂದಿರಬೇಕು, ಇಂಕು ಎಲ್ಲೂ ಮಣಿಗಟ್ಟಿರಲಾರದು. ಆದರೆ ಸಾಲ್ವೆಂಟ್ ಆರಿಹೋದ ಮೇಲೆ ಉಳಿಯುವುದು ಬಣ್ಣದ ಪುಡಿ ಮತ್ತು ಅದನ್ನು ಹಿಡಿದಿಡುವ ರಾಳ, ಪಾಲಿಅಮೈಡ್ ಅಥವಾ ನೈಟ್ರೊಸೆಲ್ಯುಲೋಸ್. ಆ ರಾಳಕ್ಕೆ ಕೈ ಹಿಡಿಯಲು ಫಿಲ್ಮಿನ ಮೇಲ್ಮೈಯಲ್ಲಿ ಆಮ್ಲಜನಕವಿರುವ ಗುಂಪುಗಳು ಬೇಕು. ಅವು ಇಲ್ಲದಿದ್ದರೆ ಅಚ್ಚು ಬಟ್ಟೆಯ ಮೇಲೆ ಹಾಸಿದ ಕಾಗದದಂತೆ ಸುಮ್ಮನೆ ಮೇಲೆ ಮಲಗಿರುತ್ತದೆ. ಟೇಪು ಎಳೆದ ಕೂಡಲೇ ಎದ್ದು ಬರುತ್ತದೆ. ಚೆನ್ನಾಗಿ ಒದ್ದೆಯಾಗದೆ ಅಂಟುವುದು ಸಾಧ್ಯವಿಲ್ಲ, ಆದರೆ ಒದ್ದೆಯಾದ ಮಾತ್ರಕ್ಕೆ ಅಂಟಿದಂತಲ್ಲ.

ಆ ಗುಂಪುಗಳನ್ನು ತಂದು ಕೂರಿಸುವುದೇ ಕರೋನಾ. ಡೆನ್ಮಾರ್ಕಿನ ಎಂಜಿನಿಯರ್ ವರ್ನರ್ ಐಸ್ಬಿ 1951ರಲ್ಲಿ ಕಂಡುಹಿಡಿದ ವಿಧಾನ ಇದು. ಎಲೆಕ್ಟ್ರೋಡಿಗೂ ಫಿಲ್ಮಿಗೂ ಒಂದೆರಡು ಮಿಲಿಮೀಟರ್ ಅಂತರ, ಸಾವಿರಾರು ವೋಲ್ಟ್. ನಡುವಿನ ಗಾಳಿ ಒಡೆದು ಆಮ್ಲಜನಕದ ಪರಮಾಣುಗಳೂ ಓಝೋನೂ ಹುಟ್ಟುತ್ತವೆ, ಪಾಲಿಎಥಿಲೀನ್ ಸರಪಣಿಯಿಂದ ಹೈಡ್ರೋಜನ್ ಕಿತ್ತು ಆ ಜಾಗದಲ್ಲಿ ಹೈಡ್ರಾಕ್ಸಿಲ್, ಕಾರ್ಬೊನಿಲ್, ಕಾರ್ಬಾಕ್ಸಿಲ್ ಗುಂಪುಗಳು ಕೂರುತ್ತವೆ. ಇಷ್ಟೆಲ್ಲ ನಡೆಯುವುದು ಮೇಲಿನ ಸುಮಾರು 10 ನ್ಯಾನೋಮೀಟರಿನೊಳಗೆ, ನಿಮ್ಮ ಫಿಲ್ಮಿನ ದಪ್ಪದ ಐದು ಸಾವಿರದಲ್ಲೊಂದು ಪಾಲಿನಲ್ಲಿ. ಯಂತ್ರದ ಹತ್ತಿರ ಬರುವ ಆ ಚುರುಕು ವಾಸನೆ ಓಝೋನ್‌ನದು. ಅದು ಶ್ವಾಸಕೋಶಕ್ಕೆ ಕೆಡುಕು. ಹಳೆಯ ಯಂತ್ರ ಕೊಂಡಿದ್ದೇನೆ ಎಂದಿದ್ದೀರಿ. ಅದರ ಹೊಗೆ ಎಳೆಯುವ ಫ್ಯಾನು ಮತ್ತು ಕೊಳವೆ ಸರಿಯಿವೆಯೇ ಎಂದು ಮೊದಲು ನೋಡಿ, ಇಂಕಿನ ವಿಚಾರ ಆಮೇಲೆ. ಯಂತ್ರದ ಮುಂದೆ ದಿನವಿಡೀ ನಿಲ್ಲುವವರು ನಿಮ್ಮ ಕೆಲಸಗಾರರು.

ಈಗ ಮೊದಲ ಕಾಯಿಲೆ. ಫೆಬ್ರುವರಿಯ 40 ಜೂನ್‌ನಲ್ಲಿ 34 ಆದದ್ದು ಹೇಗೆ?

ಕವರು ಮಾಡುವ ಎಲ್‌ಡಿಪಿಇಯಲ್ಲಿ ಬರಿಯ ಪಾಲಿಎಥಿಲೀನ್ ಇರುವುದಿಲ್ಲ. ಫಿಲ್ಮು ಒಂದಕ್ಕೊಂದು ಅಂಟದೆ ಜಾರಲಿ, ಕವರಿನ ಬಾಯಿ ಸುಲಭವಾಗಿ ಬಿಚ್ಚಲಿ ಎಂದು ಸ್ಲಿಪ್ ಎಂಬ ಪದಾರ್ಥ ಬೆರೆಸಿರುತ್ತಾರೆ. ಹೆಚ್ಚಾಗಿ ಬಳಸುವುದು ಎರುಕಮೈಡ್. ಸಾಸಿವೆ ಎಣ್ಣೆಯಲ್ಲಿರುವ ಎರುಸಿಕ್ ಆಮ್ಲದಿಂದ ತಯಾರಾಗುವ 22 ಇಂಗಾಲಗಳ ಮೇಣದಂಥ ವಸ್ತು. ಹತ್ತು ಲಕ್ಷ ಭಾಗಕ್ಕೆ ಕೆಲವು ನೂರರಿಂದ ಸಾವಿರ ಚಿಲ್ಲರೆ ಭಾಗದಷ್ಟು ಮಾತ್ರ ಹಾಕುತ್ತಾರೆ. ಕರಗಿದ ಪ್ಲಾಸ್ಟಿಕ್ಕಿನಲ್ಲಿ ಅದು ಬೆರೆತಿರುತ್ತದೆ, ತಣಿದ ಮೇಲೆ ಒಳಗೆ ಇರಲೊಲ್ಲದೆ ನಿಧಾನವಾಗಿ ಮೇಲ್ಮೈಗೆ ಬೆವರಿನಂತೆ ಬರುತ್ತದೆ. ಅದು ಮೇಲೆ ಬರಬೇಕೆಂದೇ ಹಾಕಿರುವುದು, ಆದ್ದರಿಂದ ಇದು ದೋಷವಲ್ಲ. ಆದರೆ ಬಂದು ಕೂರುವ ಜಾಗ ಕರೋನಾ ಕಷ್ಟಪಟ್ಟು ಸಿದ್ಧಪಡಿಸಿದ ಮೇಲ್ಮೈ. ಅದರ ಮೇಣದ ಬಾಲಗಳು ಹೊರಗೆ ಮುಖ ಮಾಡಿದರೆ, ಇಂಕಿಗೆ ಕೆಳಗಿನ ಆಮ್ಲಜನಕದ ಗುಂಪುಗಳು ಕಾಣುವುದಿಲ್ಲ. ಜಿಸ್ಮನ್ ಅವರ ಪ್ಲಾಟಿನಂ ಕಥೆಯೇ ನಿಮ್ಮ ಗೋದಾಮಿನಲ್ಲಿ ನಡೆದಿದೆ. ಸ್ಲಿಪ್‌ನಲ್ಲಿ ಓಲಿಯಮೈಡ್ ಎಂಬುದೂ ಇದೆ, ಅದು ಎರುಕಮೈಡ್‌ಗಿಂತ ಬೇಗ ಮೇಲೆ ಬರುತ್ತದೆ.

ಇದರ ಜೊತೆಗೆ ಸರಪಣಿಗಳೂ ಸುಮ್ಮನಿರುವುದಿಲ್ಲ. ಪಾಲಿಎಥಿಲೀನ್‌ನ ಹರಳುಗಟ್ಟದ ಭಾಗ ನಿಜಕ್ಕೂ ಗಡುಸಾಗಬೇಕಾದರೆ ಶೂನ್ಯಕ್ಕಿಂತ ನೂರು ಡಿಗ್ರಿಗೂ ಕೆಳಗೆ ತಣಿಸಬೇಕು. ನಮ್ಮ ಹವೆಯಲ್ಲಿ ಆ ಸರಪಣಿಗಳು ಸದಾ ಹೊರಳಾಡುತ್ತಿರುತ್ತವೆ. ಗಾಳಿಯ ಕಡೆ ಆಮ್ಲಜನಕದ ಗುಂಪು ನಿಂತಿರುವುದು ಶಕ್ತಿಯ ಲೆಕ್ಕದಲ್ಲಿ ದುಬಾರಿ. ಆದ್ದರಿಂದ ಅವು ಒಂದೊಂದಾಗಿ ಒಳಮುಖ ಮಾಡಿ ಮಲಗುತ್ತವೆ. ಈ ಇಳಿತ ಮೊದಲ ಕೆಲವು ದಿನ ವೇಗವಾಗಿ, ಆಮೇಲೆ ನಿಧಾನವಾಗಿ ನಡೆಯುತ್ತದೆ. ಶಾಖ ಎರಡನ್ನೂ ಚುರುಕುಗೊಳಿಸುತ್ತದೆ. ಫೆಬ್ರುವರಿಯಿಂದ ಜೂನ್ ಎಂದರೆ ನಡುವೆ ಇಡೀ ಬೇಸಿಗೆ. ಗೋದಾಮಿಗೆ ತಗಡಿನ ಚಾವಣಿ ಇದ್ದರಂತೂ ಹೇಳುವುದೇ ಬೇಡ.

ಈ ಹೊರಳುವ ಗುಣ ಎಲ್ಲೆಡೆಯೂ ಶತ್ರುವಲ್ಲ. ಹೈಟೆನ್ಷನ್ ವಿದ್ಯುತ್ ತಂತಿಗಳಿಗೆ ಬಳಸುವ ಸಿಲಿಕೋನ್ ರಬ್ಬರಿನ ಇನ್ಸುಲೇಟರುಗಳಲ್ಲಿ ಇದೇ ಗುಣ ಕಾಯುವ ದೇವರು. ಅವುಗಳ ಮೇಲೆ ಧೂಳು, ಉಪ್ಪು ಕೂತರೆ ಒಳಗಿನ ಸಣ್ಣ ಸಿಲಿಕೋನ್ ಅಣುಗಳು ಮೇಲೆದ್ದು ಬಂದು ಆ ಕೊಳೆಯನ್ನೂ ಆವರಿಸಿಕೊಳ್ಳುತ್ತವೆ. ಮಳೆನೀರು ಹಾಳೆಯಾಗಿ ಹರಡಿ ಕರೆಂಟಿಗೆ ದಾರಿ ಮಾಡಿಕೊಡುವ ಬದಲು ಮತ್ತೆ ಹನಿಗಟ್ಟುತ್ತದೆ. ಕರಾವಳಿಯ ಉಪ್ಪು ಗಾಳಿಯಲ್ಲಿ ಅವು ಪಿಂಗಾಣಿಗಿಂತ ಚೆನ್ನಾಗಿ ಬಾಳಲು ಇದೊಂದು ಮುಖ್ಯ ಕಾರಣ.

ಎರಡನೆಯ ಕಾಯಿಲೆ ಹೆಚ್ಚು ಮೋಸದ್ದು, ಏಕೆಂದರೆ ಪೆನ್ನು ಅದನ್ನು ಆರೋಗ್ಯವೆಂದು ತೋರಿಸುತ್ತದೆ. ಕರೋನಾ ಆಮ್ಲಜನಕವನ್ನು ಸೇರಿಸುವುದಷ್ಟೇ ಅಲ್ಲ, ಸರಪಣಿಗಳನ್ನು ಕತ್ತರಿಸುತ್ತದೆ ಕೂಡ. ಅಳತೆಯಲ್ಲಿದ್ದರೆ ಕತ್ತರಿಕೆ ಲೆಕ್ಕಕ್ಕಿಲ್ಲ. ಮಿತಿ ಮೀರಿದಾಗ ಮೇಲ್ಮೈಯ ಸರಪಣಿಗಳು ಚೂರುಚೂರಾಗಿ, ಆಮ್ಲಜನಕ ತುಂಬಿದ ಆದರೆ ಕೆಳಗಿನ ಫಿಲ್ಮಿಗೆ ಕಟ್ಟಿಕೊಂಡಿಲ್ಲದ ಸಣ್ಣ ತುಣುಕುಗಳ ಪದರವಾಗಿಬಿಡುತ್ತವೆ. ಪೆನ್ನಿನ ದ್ರವಕ್ಕೆ ಈ ಪದರ ಬಹಳ ಇಷ್ಟ, 46 ಎನ್ನುತ್ತದೆ. ಇಂಕಿನ ರಾಳವೂ ಅದಕ್ಕೆ ಬಿಗಿಯಾಗಿ ಅಂಟುತ್ತದೆ. ಆದರೆ ಆ ಪದರವೇ ಫಿಲ್ಮಿಗೆ ಅಂಟಿಲ್ಲ. ಸುಣ್ಣದ ಪುಡಿ ಏಳುತ್ತಿರುವ ಹಳೆಯ ಗೋಡೆಗೆ ಒಳ್ಳೆಯ ಬಣ್ಣ ಬಳಿದಂತೆ: ಬಣ್ಣ ಸುಣ್ಣವನ್ನು ಬಿಡುವುದಿಲ್ಲ, ಸುಣ್ಣವೇ ಗೋಡೆಯನ್ನು ಬಿಡುತ್ತದೆ. ಈ ತುಣುಕುಗಳು ನೀರಿನಲ್ಲಿ ಕರಗುವಂಥವು. ಕವರು ಒದ್ದೆಯಾದಾಗ ಇಂಕು ಸಿಪ್ಪೆಯಂತೆ ಏಳುತ್ತದೆ ಎಂದು ನೀವು ಬರೆದ ಆ ಒಂದು ಸಾಲಿನಿಂದಲೇ ನನಗೆ ಈ ಕಾರಣ ಮೊದಲು ಹೊಳೆದದ್ದು.

ಎರಡನ್ನೂ ನೀವೇ ಪರೀಕ್ಷಿಸಿ ನೋಡಬಹುದು, ಖರ್ಚು ಹೆಚ್ಚೇನಿಲ್ಲ. ಜೂನ್‌ನ ರೋಲಿನಿಂದ ಒಂದು ತುಂಡು ಕತ್ತರಿಸಿ, ಅರ್ಧಭಾಗವನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿದ ಶುಭ್ರ ಹತ್ತಿಯಿಂದ ಹಗುರವಾಗಿ ಒರೆಸಿ ಒಣಗಿಸಿ. ಒರೆಸಿದ ಭಾಗದಲ್ಲಿ ಪೆನ್ನಿನ ಸಂಖ್ಯೆ ಏರಿದರೆ ಮುಚ್ಚಿಕೊಂಡಿದ್ದದ್ದು ಸ್ಲಿಪ್. ಆಮೇಲೆ ಪೂರ್ತಿ ಪವರ್ ಕೊಟ್ಟ ರೋಲಿನ ತುಂಡನ್ನು ತೆಗೆದುಕೊಂಡು, ಅರ್ಧಭಾಗವನ್ನು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಿನಲ್ಲಿ ಒಂದು ನಿಮಿಷ ಜಾಲಾಡಿ ಒಣಗಿಸಿ. ಅಲ್ಲಿ ಸಂಖ್ಯೆ ಎದ್ದು ಕಾಣುವಷ್ಟು ಇಳಿದರೆ ಟ್ರೀಟ್‌ಮೆಂಟ್ ಅತಿಯಾಗಿದೆ. ಕರಗಿ ಹೋದದ್ದು ಆ ತುಣುಕುಗಳ ಪದರ. ಒಂದು ಕಡೆ ಒರೆಸಿದಾಗ ಏರಬೇಕು, ಇನ್ನೊಂದು ಕಡೆ ತೊಳೆದಾಗ ಇಳಿಯಬೇಕು. ನನ್ನ ಊಹೆ ತಪ್ಪಾಗಿದ್ದರೆ ಇಲ್ಲಿಯೇ ಗೊತ್ತಾಗುತ್ತದೆ.

ಪೆನ್ನನ್ನು ನಂಬಬಹುದೇ ಎಂದು ಕೇಳಿದ್ದೀರಿ. ಅದು ಏನು ಹೇಳುತ್ತದೆಯೋ ಅಷ್ಟಕ್ಕೆ ಮಾತ್ರ ನಂಬಬಹುದು. 38ರ ಪೆನ್ನಿನ ದ್ರವ ಎರಡು ಸೆಕೆಂಡು ಒಡೆಯದೆ ನಿಂತರೆ, ಆ ದ್ರವ ಆ ಕ್ಷಣದಲ್ಲಿ ಆ ಜಾಗವನ್ನು ಒದ್ದೆ ಮಾಡಿತು ಎಂದಷ್ಟೇ ಅರ್ಥ. ಸ್ಲಿಪ್ ಇರುವ ಫಿಲ್ಮಿನ ಮೇಲೆ ಎಳೆದ ಪೆನ್ನಿನ ತುದಿ ಜಿಡ್ಡನ್ನು ಹೀರಿಕೊಂಡು ಮುಂದಿನ ಅಳತೆಗಳನ್ನೂ ಕೆಡಿಸುತ್ತದೆ. ಪೆನ್ನಿಗಿಂತ ಬಾಟಲಿಯಲ್ಲಿ ಬರುವ ದ್ರವ, ಪ್ರತಿ ಸಲ ಹೊಸ ಹತ್ತಿ ಕಡ್ಡಿ, ಇದು ಮೇಲು. ದ್ರವದ ಅವಧಿ ಮುಗಿದ ತಾರೀಕನ್ನೂ ನೋಡಿ. ಇನ್ನೊಂದು ಎಚ್ಚರಿಕೆಯನ್ನು ಹೇಳದೆ ಬಿಡಲಾರೆ. ಈ ದ್ರವಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವುದು ಫಾರ್ಮಮೈಡ್ ಮತ್ತು ಈಥೈಲ್ ಸೆಲೊಸಾಲ್ವ್‌ಗಳ ಮಿಶ್ರಣ. ಎರಡೂ ಚರ್ಮದ ಮೂಲಕ ಒಳಸೇರುತ್ತವೆ, ಗರ್ಭದಲ್ಲಿರುವ ಮಗುವಿಗೆ ಹಾನಿ ಮಾಡುವಂಥವು. ಕೈಗವಸಿಲ್ಲದೆ ಯಾರೂ ಮುಟ್ಟಬಾರದು, ಗರ್ಭಿಣಿಯರಿಗೆ ಈ ಕೆಲಸ ಕೊಡಲೇಬಾರದು. ಇವೆರಡೂ ಇಲ್ಲದ ದ್ರವಗಳೂ ಮಾರುಕಟ್ಟೆಯಲ್ಲಿವೆ, ಕೇಳಿ ತರಿಸಿಕೊಳ್ಳಿ.

ಪೆನ್ನಿಗಿಂತ ಹೆಚ್ಚು ಮಾತಾಡುವ ಅಳತೆಯೊಂದನ್ನು ನೀವೇ ಮಾಡಬಹುದು. ಔಷಧದ ಅಂಗಡಿಯಲ್ಲಿ ಸಿಗುವ ಇನ್ಸುಲಿನ್ ಸಿರಿಂಜ್ ತನ್ನಿ. ಅದರ ಮೇಲೆ 100 ಯೂನಿಟ್ ಅಂದರೆ ಒಂದು ಮಿಲಿಲೀಟರ್ ಎಂಬ ಗುರುತಿರಬೇಕು. ಅದರಲ್ಲಿ ಅರ್ಧ ಯೂನಿಟ್ ಎಂದರೆ ಐದು ಮೈಕ್ರೊಲೀಟರ್, ನಮ್ಮ ಕೆಲಸಕ್ಕೆ ಸರಿಯಾದ ಹನಿ. ಫಿಲ್ಮಿನ ತುಂಡನ್ನು ಗಾಜಿನ ಮೇಲೆ ಸುಕ್ಕಿಲ್ಲದೆ ಅಂಟಿಸಿ, ಡಿಸ್ಟಿಲ್ಡ್ ನೀರಿನ ಹನಿ ಇಟ್ಟು, ಮೊಬೈಲನ್ನು ಹನಿಯ ಮಟ್ಟಕ್ಕೆ ಇಳಿಸಿ ಪಕ್ಕದಿಂದ ಚಿತ್ರ ತೆಗೆಯಿರಿ. ಹಿಂದೆ ಬಿಳಿ ಕಾಗದವಿರಲಿ. ಚಿತ್ರದಲ್ಲಿ ಹನಿಯ ತಳದ ಅಗಲ ಮತ್ತು ಎತ್ತರ ಅಳೆಯಿರಿ. ಎತ್ತರವು ತಳದ ಅರ್ಧದಷ್ಟಿದ್ದರೆ ಕೋನ ಸರಿಯಾಗಿ 90 ಡಿಗ್ರಿ. ಉಳಿದಂತೆ, ಎತ್ತರದ ಎರಡರಷ್ಟನ್ನು ತಳದಿಂದ ಭಾಗಿಸಿ, ಕ್ಯಾಲ್ಕುಲೇಟರಿನಲ್ಲಿ ಟ್ಯಾನ್ ಇನ್ವರ್ಸ್ ತೆಗೆದು, ಎರಡರಿಂದ ಗುಣಿಸಿದರೆ ಕೋನ ಸಿಗುತ್ತದೆ. ಟ್ರೀಟ್‌ಮೆಂಟ್ ಇಲ್ಲದ ಪಾಲಿಎಥಿಲೀನ್ ಮೇಲೆ ಐದು ಮೈಕ್ರೊಲೀಟರಿನ ಹನಿಯ ತಳ ಸುಮಾರು 2.6 ಮಿಲಿಮೀಟರ್, ಎತ್ತರ 1.4, ಅಂದರೆ 94 ಡಿಗ್ರಿ. ಚೆನ್ನಾಗಿ ಟ್ರೀಟ್ ಆದ ಫಿಲ್ಮಿನಲ್ಲಿ ಅದೇ ಹನಿ 3.3ಕ್ಕೆ ಹರಡಿ 1.05ಕ್ಕೆ ಇಳಿದು 65 ಡಿಗ್ರಿ ತೋರಿಸಬಹುದು. ಒಂದು ಹನಿ ಸಾಲದು. ಫಿಲ್ಮಿನ ಅಗಲಕ್ಕೆ ಅಂಚು, ನಡು, ಅಂಚು ಎಂದು ಕನಿಷ್ಠ ಹತ್ತು ಕಡೆ ಇಡಿ. ಹಳೆಯ ಯಂತ್ರದ ಎಲೆಕ್ಟ್ರೋಡ್ ಒಂದು ಕಡೆ ಬಾಗಿದ್ದರೆ ಈ ಹತ್ತು ಹನಿಗಳಲ್ಲೇ ಗೊತ್ತಾಗುತ್ತದೆ. ಈ ಹತ್ತು ಚಿತ್ರಗಳನ್ನು ರೋಲಿನ ನಂಬರಿನೊಂದಿಗೆ ಇಟ್ಟುಕೊಂಡರೆ ಮುಂದೆ ಫಿಲ್ಮಿನವರ ಜೊತೆ ಮಾತನಾಡಲು ನಿಮ್ಮ ಕೈಯಲ್ಲೊಂದು ಆಧಾರವಿರುತ್ತದೆ.

ಉಪ್ಪು ಕಾಗದದ ವಿಚಾರ ನಿಜಕ್ಕೂ ಒಳ್ಳೆಯ ಪ್ರಶ್ನೆ. ಒರಟು ಮಾಡಿದರೆ ಅಂಟುತ್ತದೆ ಎಂಬುದು ಮರಗೆಲಸದಲ್ಲಿ ಸರಿ. ಆದರೆ ಒರಟುತನ ಸ್ವತಃ ಯಾರ ಪಕ್ಷವನ್ನೂ ವಹಿಸುವುದಿಲ್ಲ, ಮೇಲ್ಮೈಗೆ ಮೊದಲೇ ಇದ್ದ ಒಲವನ್ನು ಹೆಚ್ಚಿಸುತ್ತದೆ. 1936ರಲ್ಲಿ ವೆನ್‌ಜೆಲ್ ಎಂಬ ವಿಜ್ಞಾನಿ ಇದನ್ನು ಲೆಕ್ಕ ಹಾಕಿ ತೋರಿಸಿದರು: ಕೋನ 90ಕ್ಕಿಂತ ಕಡಿಮೆಯಿರುವ ದ್ರವ ಒರಟು ಮೇಲ್ಮೈಯಲ್ಲಿ ಇನ್ನೂ ಹರಡುತ್ತದೆ, 90ಕ್ಕಿಂತ ಹೆಚ್ಚಿರುವುದು ಇನ್ನೂ ಹನಿಗಟ್ಟುತ್ತದೆ. 1944ರಲ್ಲಿ ಕ್ಯಾಸಿ ಮತ್ತು ಬ್ಯಾಕ್ಸ್‌ಟರ್ ಮುಂದಿನ ಹೆಜ್ಜೆ ಇಟ್ಟರು. ತಗ್ಗುಗಳಲ್ಲಿ ಗಾಳಿ ಸಿಕ್ಕಿಕೊಂಡರೆ ಹನಿ ಗಾಳಿಯ ಹಾಸಿಗೆಯ ಮೇಲೆಯೇ ಕೂರುತ್ತದೆ. ನಮ್ಮ ಕೆರೆಗಳ ತಾವರೆ ಎಲೆ, ತೋಟದಂಚಿನ ಕೆಸುವಿನ ಎಲೆ ಮಾಡುವುದು ಇದನ್ನೇ. ಅವುಗಳ ಮೇಲಿರುವುದು ಸಾಮಾನ್ಯ ಮೇಣ, ಆ ಮೇಣ ನಯವಾಗಿದ್ದರೆ ಕೋನ ನೂರರ ಆಸುಪಾಸು. ಸೂಕ್ಷ್ಮವಾದ ಉಬ್ಬುಗಳು, ಅವುಗಳ ಮೇಲೆ ಇನ್ನೂ ಸೂಕ್ಷ್ಮವಾದ ಮೇಣದ ಎಳೆಗಳು, ಇವು ಸೇರಿ ಅದನ್ನು 150 ದಾಟಿಸುತ್ತವೆ. ತಾವರೆ ಎಲೆ ತನ್ನನ್ನು ತಾನೇ ತೊಳೆದುಕೊಳ್ಳುವ ರೀತಿಯನ್ನು ಜರ್ಮನಿಯ ಬಾರ್ಥ್‌ಲಾಟ್ ಮತ್ತು ನೈನ್‌ಹೂಯಿಸ್ 1997ರಲ್ಲಿ ವಿವರವಾಗಿ ಪ್ರಕಟಿಸಿದರು. ತಾವರೆ ಎಲೆಯ ಮೇಲಿನ ನೀರನ್ನು ಉಪಮೆಯಾಗಿ ನಾವು ಅದಕ್ಕೂ ಎಷ್ಟೋ ಮೊದಲಿನಿಂದ ಬಲ್ಲೆವು. ಅದರ ಹಿಂದಿನ ಅಳತೆ ಸಿಕ್ಕದ್ದು ಈಚೆಗೆ.

ನಿಮ್ಮ ಸಾಲ್ವೆಂಟ್ ಇಂಕು ಒರಟು ಫಿಲ್ಮಿನ ತಗ್ಗಿಗೂ ಇಳಿಯುತ್ತದೆ, ಸ್ವಲ್ಪ ಕಚ್ಚಿಕೊಳ್ಳಲೂಬಹುದು. ಟೆಫ್ಲಾನ್ ಕಾವಲಿಯಲ್ಲಿ ಟೆಫ್ಲಾನ್ ನಿಂತಿರುವುದು ಲೋಹವನ್ನು ಮೊದಲು ಒರಟು ಮಾಡಿ, ನಡುವೆ ಒಂದು ಪ್ರೈಮರ್ ಪದರ ಕೊಡುವುದರಿಂದಲೇ. ಆದರೆ 50 ಮೈಕ್ರಾನಿನ ಫಿಲ್ಮನ್ನು ಉಜ್ಜಿದರೆ ಹೊಳಪು ಹೋಗುತ್ತದೆ, ತೂತು ಬೀಳುತ್ತದೆ, ಮಸಾಲೆಯ ಘಮ ಹೊರಗೆ ಸೋರುತ್ತದೆ. ನಾಳೆ ನೀವು ವಾಟರ್‌ಬೇಸ್ಡ್ ಇಂಕಿಗೆ ಬದಲಾದರೆ ಆ ಒರಟುತನ ತಿರುಗಿಬೀಳಲೂಬಹುದು. ಬೇಡ.

ಬೇಕಾದದ್ದು ಕರೋನಾದ ಸರಿಯಾದ ಅಳತೆ. ಪವರ್ ಎಷ್ಟು ವಾಟ್ ಎಂಬುದು ಅರ್ಧ ಲೆಕ್ಕ. ಅದನ್ನು ಫಿಲ್ಮಿನ ಅಗಲ ಮತ್ತು ವೇಗಗಳ ಗುಣಲಬ್ಧದಿಂದ ಭಾಗಿಸಿದಾಗ ಪೂರ್ತಿ ಲೆಕ್ಕ ಸಿಗುತ್ತದೆ. ಫಿಲ್ಮಿನ ಅಗಲ 0.6 ಮೀಟರ್, ವೇಗ ನಿಮಿಷಕ್ಕೆ 40 ಮೀಟರ್, ಪವರ್ 360 ವಾಟ್ ಎಂದರೆ, 360 ಭಾಗಿಸು 24, ಚದರ ಮೀಟರಿಗೆ 15 ವಾಟ್ ನಿಮಿಷ. ಪಾಲಿಎಥಿಲೀನ್‌ಗೆ ಸಾಮಾನ್ಯವಾಗಿ ಹತ್ತರಿಂದ ಇಪ್ಪತ್ತರ ಆಸುಪಾಸಿನಲ್ಲಿ ಕೆಲಸ ಆಗುತ್ತದೆ. ಮಷಿನ್ ವೇಗವನ್ನು ಅರ್ಧಕ್ಕೆ ಇಳಿಸಿದಾಗ ಪವರ್ ಹಾಗೆಯೇ ಬಿಟ್ಟರೆ, ನಿಮಗೆ ತಿಳಿಯದಂತೆ ಪೆಟ್ಟು ಎರಡರಷ್ಟಾಗಿರುತ್ತದೆ. ನಿಮ್ಮ ಎರಡು ರೋಲುಗಳಲ್ಲಿ ಆದದ್ದು ಬಹುಶಃ ಇದೇ. ಸಾಲ್ವೆಂಟ್ ಇಂಕಿಗೆ 38 ಸಾಕು, 40 ಧಾರಾಳ. ವಾಟರ್‌ಬೇಸ್ಡ್ ಇಂಕಿಗೆ 42 ಬೇಕಾದೀತು. ಅದಕ್ಕಿಂತ ಮೇಲೆ ಹೋದಷ್ಟೂ ಲಾಭವಿಲ್ಲ, ಅಪಾಯವಿದೆ. ಮಸಾಲೆ ಕವರಿನವರಿಗೆ ಇನ್ನೊಂದು ಮಾತು: ಫಿಲ್ಮಿಗೂ ರೋಲರಿಗೂ ನಡುವೆ ಗಾಳಿ ಸಿಕ್ಕಿಕೊಂಡರೆ ಹಿಂಬದಿಯಲ್ಲೂ ಕರೋನಾ ಹತ್ತುತ್ತದೆ. ಆ ಬದಿ ಕವರಿನ ಒಳಮೈ. ಅಲ್ಲಿ ಟ್ರೀಟ್ ಆದರೆ ಶಾಖದಲ್ಲಿ ಹಾಕುವ ಸೀಲು ಸಡಿಲವಾಗುತ್ತದೆ, ಸುತ್ತಿದ ರೋಲಿನಲ್ಲಿ ಇಂಕು ಹಿಂಬದಿಗೆ ಅಂಟಿಕೊಳ್ಳುತ್ತದೆ. ಹಿಂಬದಿಯಲ್ಲೂ ಒಂದು ಹನಿ ಇಟ್ಟು ನೋಡಿ. ಅಲ್ಲಿ 90ಕ್ಕಿಂತ ಮೇಲಿರಬೇಕು. ಹಾಗೆಯೇ, ಬೆಲ್ಟು ಚೈನಿಗೆಂದು ಸಿಲಿಕೋನ್ ಸ್ಪ್ರೇ ಬಳಸುತ್ತಿದ್ದರೆ ಅಚ್ಚಿನ ಕೋಣೆಯಿಂದ ಇಂದೇ ಆಚೆ ಹಾಕಿ. ಅದರ ಒಂದು ಕಣ ಬಿದ್ದ ಕಡೆ ಇಂಕು ಗುಂಡಗೆ ಹಿಂದೆ ಸರಿದು ಮೀನಿನ ಕಣ್ಣಿನಂಥ ಗುಳಿ ಬೀಳುತ್ತದೆ.

ಮುಂದಿನ ಆರ್ಡರಿನಲ್ಲಿ ಫಿಲ್ಮಿನವರಿಂದ ಮೂರು ವಿಷಯ ಬರೆಸಿಕೊಳ್ಳಿ: ಕರೋನಾ ಮಾಡಿದ ತಾರೀಕು, ಸ್ಲಿಪ್ ಯಾವುದು, ಎಷ್ಟು. ಫಿಲ್ಮು ಎಳೆಯುವಾಗಲೇ, ಸ್ಲಿಪ್ ಮೇಲೆ ಬರುವ ಮೊದಲೇ ಒಮ್ಮೆ ಟ್ರೀಟ್ ಆಗಿರಬೇಕು. ಅಲ್ಲಿ ಆಗದ ಫಿಲ್ಮನ್ನು ನಿಮ್ಮಲ್ಲಿ ಸರಿಪಡಿಸುವುದು ಬಹಳ ಕಷ್ಟ. ಬೇಸಿಗೆಯ ರೋಲುಗಳನ್ನು ಒಂದು ತಿಂಗಳಿಗಾಗುವಷ್ಟು ಮಾತ್ರ ತರಿಸಿ, ಮೊದಲು ಬಂದದ್ದನ್ನು ಮೊದಲು ಖಾಲಿ ಮಾಡಿ.

ಉಳಿದ ಆರು ರೋಲುಗಳನ್ನು ಬಿಸಾಡಬೇಡಿ. ಅವು ಒಮ್ಮೆ ಟ್ರೀಟ್ ಆದವು, ಮೇಲೆ ಜಿಡ್ಡು ಕವಿದಿದೆ ಅಷ್ಟೇ. ಒಂದು ರೋಲಿನಲ್ಲಿ ಚದರ ಮೀಟರಿಗೆ 10, 15, 20 ವಾಟ್ ನಿಮಿಷದಂತೆ ಹತ್ತು ಹತ್ತು ಮೀಟರ್ ಹಾಯಿಸಿ, ಮೂರರ ಮೇಲೂ ಕೂಡಲೇ ಅಚ್ಚು ಹಾಕಿ. ಒಂದು ದಿನ ಬಿಟ್ಟು ಟೇಪು ಎಳೆಯಿರಿ, ಇನ್ನೊಂದು ತುಂಡನ್ನು ಒಂದು ಗಂಟೆ ನೀರಿನಲ್ಲಿ ನೆನೆಹಾಕಿ ಎಳೆಯಿರಿ. ಎರಡನ್ನೂ ಗೆದ್ದ ಅತ್ಯಂತ ಕಡಿಮೆ ಪವರನ್ನು ಉಳಿದವಕ್ಕೆ ಇಟ್ಟುಕೊಳ್ಳಿ. ಟ್ರೀಟ್ ಮಾಡಿದ ಫಿಲ್ಮನ್ನು ಮತ್ತೆ ಸುತ್ತಿಡದೆ ನೇರವಾಗಿ ಇಂಕಿಗೆ ಕಳಿಸಿ. ಪೂರ್ತಿ ಪವರ್ ಕೊಟ್ಟ ಆ ಎರಡು ರೋಲುಗಳನ್ನು ಮಾತ್ರ ಅಚ್ಚಿಗೆ ಬಳಸಬೇಡಿ. ಅಚ್ಚಿಲ್ಲದೆ ಪೊಟ್ಟಣಗಳ ಮೇಲೆ ಸುತ್ತುವ ಹೊದಿಕೆಯಾಗಿ ಅವು ಚೆನ್ನಾಗಿ ಕೆಲಸಕ್ಕೆ ಬರುತ್ತವೆ.